ಹಳೆಯ ಡಚ್ ಕುದುರೆ ಸಂತೆಯ ಚಿತ್ರವನ್ನು ನೋಡುವ ಕ್ರಮ

ಹದಿನೇಳನೆಯ ಶತಮಾನದ ಡಚ್ ಚಿತ್ರಕಾರರು ಬರೆದ ಪಶುಸಂತೆಯ ಚಿತ್ರವೊಂದರ ಮುಂದೆ ಮೊದಲ ಬಾರಿಗೆ ನಿಂತವರಿಗೆ ಕಣ್ಣನ್ನು ಎಲ್ಲಿ ಇಡಬೇಕೆಂಬುದೇ ತಿಳಿಯುವುದಿಲ್ಲ. ಒಂದು ಮೊಳ ಅಗಲದ ಹಲಗೆಯ ಮೇಲೆ ನೂರಾರು ಜನ, ಹತ್ತಾರು ಕುದುರೆಗಳು, ನಾಯಿಗಳು, ಡೇರೆಗಳು, ಗಾಡಿಗಳು ಒತ್ತೊತ್ತಾಗಿ ಸೇರಿರುತ್ತವೆ. ಹೆಚ್ಚಿನವರು ಅರ್ಧ ನಿಮಿಷ ನೋಡಿ, 'ಸೊಗಸಾಗಿದೆ' ಎಂದು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಇನ್ನು ಕೆಲವರು ಎಲ್ಲದಕ್ಕೂ ಗೂಢಾರ್ಥ ಇರಲೇಬೇಕೆಂದು ಹುಡುಕತೊಡಗಿ, ಚಿತ್ರದಲ್ಲಿ ನಿಜವಾಗಿ ನಡೆಯುತ್ತಿರುವುದನ್ನು ಕಾಣದೆ ಉಳಿಯುತ್ತಾರೆ. ಈ ಚಿತ್ರಗಳನ್ನು ನೋಡುವುದಕ್ಕೆ ನನಗೆ ತಿಳಿದ ಅತ್ಯುತ್ತಮ ಕ್ರಮವೆಂದರೆ, ಸಂತೆಗೆ ಕುದುರೆ ಕೊಳ್ಳಲು ಬಂದವನಂತೆ ಚಿತ್ರದೊಳಗೆ ನಡೆಯುವುದು: ದೂರದಿಂದ ಇಡೀ ಮೈದಾನವನ್ನು ಅಳೆಯುವುದು, ಕಣ್ಣಿಗೆ ಬಿದ್ದ ಕುದುರೆಯ ಬಳಿಗೆ ಹೋಗುವುದು, ವ್ಯಾಪಾರ ನಡೆಯುವ ಜಾಗವನ್ನು ಹುಡುಕುವುದು, ಆಮೇಲೆ ಸುತ್ತಲಿನ ಜನರನ್ನು ಗಮನಿಸುವುದು.

ಅಭ್ಯಾಸಕ್ಕೆ ಎರಡು ಚಿತ್ರಗಳನ್ನು ಇಟ್ಟುಕೊಳ್ಳಬಹುದು. ಒಂದು, ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂನಲ್ಲಿರುವ, ಆಡ್ರಿಯಾನ್ ವಾನ್ ಡೆ ವೆನ್ನೆ 1618ರಲ್ಲಿ ಬರೆದ ವಾಲ್ಕನ್‌ಬರ್ಗ್ ಕುದುರೆ ಸಂತೆಯ ಚಿತ್ರ. ಇನ್ನೊಂದು, ಲಂಡನ್ನಿನ ವ್ಯಾಲೇಸ್ ಸಂಗ್ರಹದಲ್ಲಿರುವ, ಫಿಲಿಪ್ಸ್ ವೌವರ್ಮನ್ 1660ರ ದಶಕದಲ್ಲಿ ಬರೆದ ಕುದುರೆ ಸಂತೆ. ಅಷ್ಟು ದೂರ ಹೋಗಲಾಗದವರು ಚಿಂತಿಸಬೇಕಾಗಿಲ್ಲ. ರೈಕ್ಸ್ ಮ್ಯೂಸಿಯಂ ತನ್ನ ಸಂಗ್ರಹದ ಚಿತ್ರಗಳನ್ನು ಬಹಳ ದೊಡ್ಡ ಗಾತ್ರದಲ್ಲಿ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಕುದುರೆಯ ಲಗಾಮಿನ ಮೇಲಿನ ಕುಂಚದ ಗುರುತು ಕಾಣುವಷ್ಟು ಹತ್ತಿರಕ್ಕೆ ಅದನ್ನು ತಂದುಕೊಳ್ಳಬಹುದು. ಆದರೆ ಪರದೆಯ ಮೇಲೆ ನೋಡುವಾಗ ಒಂದು ಎಚ್ಚರ ಬೇಕು: ಚಿತ್ರದ ಪಕ್ಕದಲ್ಲಿ ಕೊಟ್ಟಿರುವ ಅಳತೆಯನ್ನು ಮೊದಲು ಓದಿ, ಗೋಡೆಯ ಮೇಲೆ ಕೈಯಿಂದ ಅಷ್ಟಗಲವನ್ನು ಗುರುತಿಸಿಕೊಳ್ಳಿ. ಮನೆಯ ಒಳಕೋಣೆಯಲ್ಲಿ ತೂಗುಹಾಕಲು ಮಾಡಿದ ಚಿತ್ರವನ್ನು ಅರಮನೆಯ ಭಿತ್ತಿಚಿತ್ರವೆಂದು ಕಲ್ಪಿಸಿಕೊಂಡರೆ ಅದರ ಸೂಕ್ಷ್ಮವೇ ತಪ್ಪಿಹೋಗುತ್ತದೆ.

ನೋಡುವ ಮುನ್ನ ತಿಳಿದಿರಬೇಕಾದದ್ದು

ಈ ಬಗೆಯ ಚಿತ್ರಗಳನ್ನು ಇಂದು ನಾವು ಜನಜೀವನ ಚಿತ್ರಗಳೆಂದು ಕರೆಯುತ್ತೇವೆ. ದೇವರ ಕಥೆಯಾಗಲಿ, ರಾಜರ ಯುದ್ಧವಾಗಲಿ, ಹೆಸರಿಟ್ಟು ಹೇಳಬಹುದಾದ ವ್ಯಕ್ತಿಯ ಭಾವಚಿತ್ರವಾಗಲಿ ಅಲ್ಲದ, ದಿನನಿತ್ಯದ ಬದುಕಿನ ನೋಟ ಅವುಗಳ ವಸ್ತು. ಅಂದಿನ ಡಚ್ಚರಿಗೆ ಇಂಥ ಒಟ್ಟು ಹೆಸರೇನೂ ಇರಲಿಲ್ಲ. ಕುದುರೆ ಸಂತೆಯಿದ್ದರೆ ಕುದುರೆ ಸಂತೆ, ಅಡುಗೆಮನೆಯಿದ್ದರೆ ಅಡುಗೆಮನೆ ಎಂದು ವಸ್ತುವಿನಿಂದಲೇ ಚಿತ್ರವನ್ನು ಕರೆಯುತ್ತಿದ್ದರು.

ವಾಲ್ಕನ್‌ಬರ್ಗ್ ಎಂಬುದು ಲೈಡನ್ ನಗರದ ಪಕ್ಕದ ಹಳ್ಳಿ. ದಕ್ಷಿಣದ ಲಿಂಬರ್ಗ್ ಪ್ರಾಂತ್ಯದಲ್ಲಿ ಅದೇ ಹೆಸರಿನ ಇನ್ನೊಂದು ಊರು ಇರುವುದರಿಂದ ಓದುವಾಗ ಗೊಂದಲವಾಗದಂತೆ ನೋಡಿಕೊಳ್ಳಬೇಕು. ಇಲ್ಲಿನ ಕುದುರೆ ಸಂತೆ ಸೆಪ್ಟೆಂಬರ್ ತಿಂಗಳಲ್ಲಿ ಇಂದಿಗೂ ನಡೆಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಅದು ಎಷ್ಟು ಹೆಸರುವಾಸಿಯಾಗಿತ್ತೆಂದರೆ, ವಾನ್ ಡೆ ವೆನ್ನೆ ಮಾತ್ರವಲ್ಲದೆ ಸಾಲೋಮನ್ ವಾನ್ ರೂಯ್ಸ್‌ಡಾಲ್‌ನಂಥ ಭೂದೃಶ್ಯ ಚಿತ್ರಕಾರರೂ ಅದನ್ನು ಬರೆದರು. ಕುದುರೆಗೆ ಬೇಡಿಕೆ ಎಲ್ಲೆಡೆಯೂ ಇತ್ತು. ಸ್ಪೇನಿನ ವಿರುದ್ಧ 1568ರಿಂದ 1648ರವರೆಗೆ ನಡೆದ ದೀರ್ಘ ಯುದ್ಧಕ್ಕೆ ಸವಾರಿ ಕುದುರೆಗಳು ಬೇಕಿದ್ದವು. ಹೊಲಕ್ಕೆ, ಗಾಡಿಗೆ ಬೇಕಿದ್ದವು. 1632ರಲ್ಲಿ ಆಮ್‌ಸ್ಟರ್‌ಡಾಮ್ ಮತ್ತು ಹಾರ್ಲೆಮ್ ನಡುವೆ ಆರಂಭವಾದ ಕಾಲುವೆ ದೋಣಿಗಳನ್ನು ದಡದ ಮೇಲಿಂದ ಎಳೆಯುತ್ತಿದ್ದುದೂ ಕುದುರೆಗಳೇ. ದನಗಳ ಸಂತೆಯ ಕಥೆ ಬೇರೆ: ಡೆನ್ಮಾರ್ಕಿನಿಂದ ನಡೆಸಿಕೊಂಡು ಅಥವಾ ಹಡಗಿನಲ್ಲಿ ತಂದ ಬಡಕಲು ಎತ್ತುಗಳನ್ನು ಹಾಲೆಂಡಿನ ಹುಲ್ಲುಗಾವಲುಗಳಲ್ಲಿ ಬೇಸಿಗೆಯುದ್ದಕ್ಕೂ ಕೊಬ್ಬಿಸಿ, ಶರತ್ಕಾಲದಲ್ಲಿ ಮಾರುತ್ತಿದ್ದರು. ಡಚ್ ಭಾಷೆಯಲ್ಲಿ ನವೆಂಬರ್ ತಿಂಗಳಿಗೆ 'ಕಡಿಯುವ ತಿಂಗಳು', ಅಂದರೆ ಮಾಂಸಕ್ಕಾಗಿ ಪಶುಗಳನ್ನು ಕಡಿಯುವ ತಿಂಗಳು, ಎಂಬ ಹಳೆಯ ಹೆಸರಿದೆ. ಡೆಲ್ಫ್ಟ್ ಮತ್ತು ಲೈಡನ್ ನಗರಗಳ ಒಳಗೆ ಒಂದೊಂದು ಚೌಕಕ್ಕೆ ಇಂದಿಗೂ 'ಬೀಸ್ಟನ್‌ಮಾರ್ಕ್ಟ್', ಅಂದರೆ ಪಶುಸಂತೆ ಎಂಬ ಹೆಸರೇ ಉಳಿದಿದೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಪಾಲಿಗೆ ಈ ಚಿತ್ರಗಳ ಅರ್ಥವೇ ಅದರಿಂದ ಬದಲಾಯಿತು. ಇಂಗ್ಲೆಂಡಿನ ಪ್ರವಾಸಿ ಜಾನ್ ಎವೆಲಿನ್ 1641ರ ಆಗಸ್ಟ್ ತಿಂಗಳಲ್ಲಿ ರಾಟರ್‌ಡ್ಯಾಮಿನ ವಾರ್ಷಿಕ ಜಾತ್ರೆಯನ್ನು ಕಂಡು, ಅಲ್ಲಿ ಮಾರಾಟಕ್ಕಿಟ್ಟ ಚಿತ್ರಗಳ ರಾಶಿಗೆ ಬೆರಗಾಗಿ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಸಾಧಾರಣ ರೈತರೂ ಚಿತ್ರಗಳನ್ನು ಕೊಳ್ಳುತ್ತಾರೆಂದು ಅವನು ಹೇಳುತ್ತಾನೆ. ಅವನು ಕೊಡುವ ಹಣದ ಲೆಕ್ಕ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಜಾತ್ರೆಯಲ್ಲಿ ಚಿತ್ರಗಳು ಮಾರಾಟವಾಗುತ್ತಿದ್ದುದು ನಿಜ. ಉಳಿದ ದಿನಗಳಲ್ಲಿ ಹೊರಊರಿನ ಚಿತ್ರಗಳ ಮಾರಾಟಕ್ಕೆ ಚಿತ್ರಕಾರರ ಸಂಘಗಳು ಅಡ್ಡಿ ಮಾಡುತ್ತಿದ್ದರೂ ಜಾತ್ರೆಯ ದಿನಗಳಲ್ಲಿ ಆ ಕಟ್ಟು ಸಡಿಲವಾಗುತ್ತಿತ್ತು. ಹೀಗೆ ಸಂತೆಯ ಚಿತ್ರವೂ ಸಂತೆಯ ಸರಕೇ ಆಗಿತ್ತು. ದಲ್ಲಾಳಿ, ಚೌಕಾಸಿ, ಸರಕನ್ನು ತಿರುಗಿಸಿ ನೋಡುವ ಗಿರಾಕಿ ಎಂದರೆ ಏನೆಂದು ಚಿತ್ರಕಾರನಿಗೂ ಕೊಳ್ಳುವವನಿಗೂ ಸ್ವಂತ ಅನುಭವದಿಂದ ಗೊತ್ತಿತ್ತು.

ಮೊದಲ ಹೆಜ್ಜೆ: ದೂರ ನಿಂತು ಆಕಾಶವನ್ನು ಅಳೆಯುವುದು

ಚಿತ್ರದಿಂದ ನಾಲ್ಕೈದು ಹೆಜ್ಜೆ ಹಿಂದೆ ನಿಂತು, ಅಥವಾ ಪರದೆಯಲ್ಲಿ ಇಡೀ ಚಿತ್ರ ಹಿಡಿಯುವಂತೆ ಕಿರಿದು ಮಾಡಿಕೊಂಡು, ಕಣ್ಣನ್ನು ಅರೆಮುಚ್ಚಿ ನೋಡಿ. ಜನರೂ ಪಶುಗಳೂ ಮಸುಕಾಗಿ, ಬೆಳಕು ಮತ್ತು ಕತ್ತಲಿನ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಭೂಮಿ ಮತ್ತು ಆಕಾಶ ಕೂಡುವ ಗೆರೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಗುರುತಿಸಿ. ಶತಮಾನದ ಆರಂಭದ ಚಿತ್ರಗಳಲ್ಲಿ ಈ ಗೆರೆ ಸಾಮಾನ್ಯವಾಗಿ ಮೇಲಿರುತ್ತದೆ. ನಾವು ಮಾಳಿಗೆಯ ಮೇಲಿಂದ ಮೈದಾನವನ್ನು ನೋಡುತ್ತಿದ್ದೇವೆ ಎನ್ನಿಸುತ್ತದೆ, ಜನರು ಒಬ್ಬರ ಹಿಂದೆ ಒಬ್ಬರು ಬಿಡಿಬಿಡಿಯಾಗಿ ಕಾಣುತ್ತಾರೆ. ಶತಮಾನದ ನಡುವಿಗೆ ಬಂದಾಗ ಗೆರೆ ಕೆಳಕ್ಕಿಳಿದು, ಚಿತ್ರದ ಮೂರನೆಯ ಎರಡು ಭಾಗವನ್ನು ಮೋಡ ತುಂಬಿದ ಆಕಾಶವೇ ಆವರಿಸುತ್ತದೆ. ಆಗ ನೋಡುವವನು ನೆಲದ ಮೇಲೆ, ಸಂತೆಯ ಅಂಚಿನಲ್ಲಿ ನಿಂತಿರುತ್ತಾನೆ. ಈ ಒಂದೇ ಗುರುತಿನಿಂದ ಚಿತ್ರ ಯಾವ ಕಾಲದ್ದಿರಬಹುದೆಂಬ ಮೊದಲ ಅಂದಾಜು ಸಿಗುತ್ತದೆ.

ಎರಡನೆಯ ಹೆಜ್ಜೆ: ಬಿಳಿ ಕುದುರೆಯನ್ನು ಹುಡುಕುವುದು

ವೌವರ್ಮನ್‌ನ ಚಿತ್ರವಾದರೆ ಈ ಹೆಜ್ಜೆ ಬಹಳ ಸುಲಭ. 1619ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿ 1668ರಲ್ಲಿ ಅಲ್ಲಿಯೇ ತೀರಿಕೊಂಡ ಈ ಚಿತ್ರಕಾರ ಐವತ್ತು ತುಂಬುವ ಮೊದಲೇ ನೂರಾರು ಚಿತ್ರಗಳನ್ನು ಬರೆದ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಕುದುರೆ ಇದೆ, ಬಹುಪಾಲು ಚಿತ್ರಗಳಲ್ಲಿ ಒಂದು ಬಿಳಿ ಕುದುರೆ ಇದೆ. ಅದನ್ನು ಅವನ ಸಹಿಯೆಂದೇ ಹೇಳುವುದುಂಟು. ಆದರೆ ಅದು ಬರಿಯ ಗುರುತಲ್ಲ. ಕಂದು ನೆಲ, ಕಂದು ಕುದುರೆ, ಬೂದು ಡೇರೆಗಳ ನಡುವೆ ಅದೊಂದೇ ಬೆಳಕಿನ ತುಂಡು, ಆಕಾಶದ ಬೆಳ್ಳಿಮೋಡವನ್ನು ನೆಲಕ್ಕೆ ಇಳಿಸಿ ತಂದಂತೆ. ಗುಂಪಿನಲ್ಲಿ ಕಳೆದುಹೋಗಬಹುದಾದ ಕಣ್ಣು ಅಲ್ಲಿಗೆ ಹೋಗಿ ನಿಲ್ಲುತ್ತದೆ.

ಬಿಳಿ ಕುದುರೆ ಸಿಕ್ಕ ಮೇಲೆ ಅದರಿಂದ ಓರೆಯಾಗಿ ಒಂದು ಗೆರೆ ಎಳೆದುಕೊಳ್ಳಿ. ಒಂದು ಮೂಲೆಯಲ್ಲಿ ಎತ್ತರದ ಗುಡ್ಡ, ಮರ ಅಥವಾ ಡೇರೆ, ಅಲ್ಲಿಂದ ಇಳಿಜಾರಾಗಿ ಜನರ ಸಾಲು, ಎದುರಿನ ಮೂಲೆಯಲ್ಲಿ ತೆರೆದ ಬಯಲು ಮತ್ತು ದೂರದ ನದಿ: ಈ ಓರೆ ಜೋಡಣೆಯ ಮೇಲೆಯೇ ವೌವರ್ಮನ್ ಮತ್ತೆಮತ್ತೆ ತನ್ನ ಚಿತ್ರಗಳನ್ನು ನಿಲ್ಲಿಸುತ್ತಾನೆ. ಗದ್ದಲವೆಂದು ತೋರುವುದರ ಕೆಳಗೆ ಇಷ್ಟು ಬಿಗಿಯಾದ ಹಂದರವಿದೆ.

ಮೂರನೆಯ ಹೆಜ್ಜೆ: ವ್ಯಾಪಾರ ನಡೆಯುತ್ತಿರುವುದೆಲ್ಲಿ?

ಇಲ್ಲಿ ಅವಸರ ಮಾಡಬಾರದು. ಸಂತೆಯ ಚಿತ್ರದ ಜೀವ ಇರುವುದು ಈ ಹೆಜ್ಜೆಯಲ್ಲಿ. ಒಂದು ಗಂಟೆ ಇದ್ದರೆ ಅರ್ಧ ಗಂಟೆಯನ್ನು ಇದಕ್ಕೇ ಕೊಡಿ.

ಕುದುರೆಯ ತಲೆಯ ಬಳಿ ಯಾರು ನಿಂತಿದ್ದಾರೆಂದು ಮೊದಲು ನೋಡಿ. ಒಬ್ಬ ಮೇಲ್ದುಟಿಯನ್ನು ಎತ್ತಿ ಬಾಯೊಳಗೆ ಇಣುಕುತ್ತಿದ್ದರೆ ಅವನು ಕೊಳ್ಳುವವನು, ಅಥವಾ ಕೊಳ್ಳುವವನು ಜೊತೆಗೆ ಕರೆತಂದ ಬಲ್ಲವನು. ಕುದುರೆಯ ಮುಂಬದಿಯ ಹಾಲುಹಲ್ಲುಗಳು ಎರಡೂವರೆ ವರ್ಷದಿಂದ ಜೋಡಿಜೋಡಿಯಾಗಿ ಬಿದ್ದು, ಐದು ವರ್ಷಕ್ಕೆ ಬಾಯಿ ತುಂಬುತ್ತದೆ. ಅಲ್ಲಿಂದ ಮುಂದೆ ಸವೆತದಿಂದ ವಯಸ್ಸನ್ನು ಅಂದಾಜು ಮಾಡುತ್ತಾರೆ. ನಮ್ಮ ಕಡೆಯ ದನಗಳ ಜಾತ್ರೆಗಳಲ್ಲಿ ಹೋರಿಯನ್ನು 'ಎರಡು ಹಲ್ಲು', 'ನಾಲ್ಕು ಹಲ್ಲು' ಎಂದು ಎಣಿಸುವುದನ್ನು ಕಂಡವರಿಗೆ ಈ ನೋಟವನ್ನು ವಿವರಿಸಬೇಕಾದ್ದೇ ಇಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದೆಂದು ನಮ್ಮಲ್ಲಿ ಗಾದೆಯಿದ್ದಂತೆ, ಉಡುಗೊರೆಯ ಕುದುರೆಯ ಬಾಯಿ ನೋಡಬಾರದೆಂಬ ಗಾದೆ ಡಚ್ಚರಲ್ಲಿಯೂ ಇದೆ. ಹಣ ಕೊಟ್ಟು ಕೊಳ್ಳುವಾಗ ಮಾತ್ರ ಎರಡೂ ಕಡೆಯವರು ಬಾಯಿ ತೆರೆಸದೆ ಬಿಡುವುದಿಲ್ಲ.

ಅನಂತರ ಕಾಲುಗಳನ್ನು ನೋಡಿ. ಯಾರಾದರೂ ಗೊರಸನ್ನು ಎತ್ತಿ ಹಿಡಿದಿದ್ದಾರೆಯೇ, ಮೊಣಕಾಲಿನ ಕೆಳಗೆ ಬಾವು ಇದೆಯೇ ಎಂದು ಕೈಯಾಡಿಸುತ್ತಿದ್ದಾರೆಯೇ? ಒಬ್ಬ ಆಳು ಕುದುರೆಯನ್ನು ಹಗ್ಗ ಹಿಡಿದು ಓಡಿಸುತ್ತಿದ್ದರೆ ಅದು ಕುಂಟುವುದಿಲ್ಲವೆಂದು ತೋರಿಸಲು. ಸವಾರನೊಬ್ಬ ಕುದುರೆಯನ್ನು ಹಿಂಗಾಲ ಮೇಲೆ ನಿಲ್ಲಿಸಿದ್ದರೆ ಅದು ಎರಡು ಅರ್ಥ ಕೊಡಬಹುದು: ಚೆನ್ನಾಗಿ ಪಳಗಿದ ಕುದುರೆಯ ಪ್ರದರ್ಶನ, ಇಲ್ಲವೇ ಹಿಡಿತ ತಪ್ಪಿದ ಕುದುರೆ. ಇದನ್ನು ತಿಳಿಯಲು ಸವಾರನ ಬೆನ್ನು ಮತ್ತು ಕೈಗಳನ್ನು ಗಮನಿಸಿ. ಬೆನ್ನು ನೆಟ್ಟಗಿದ್ದು ಲಗಾಮು ಸಡಿಲವಾಗಿದ್ದರೆ ಪ್ರದರ್ಶನ. ಮುಂದಕ್ಕೆ ಬಾಗಿ ಜೂಲನ್ನು ಹಿಡಿದಿದ್ದರೆ, ಸುತ್ತಲಿನ ಜನ ಚದುರಿದ್ದರೆ, ಅಪಾಯ. ವೌವರ್ಮನ್‌ಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು, ಮತ್ತು ಅವನ ಕುದುರೆಗಳ ಕಿವಿಗಳನ್ನು ನೋಡಿದರೂ ಸಾಕು: ಹಿಂದಕ್ಕೆ ಮಲಗಿದ ಕಿವಿ ಸಿಟ್ಟನ್ನು, ಮುಂದಕ್ಕೆ ನೆಟ್ಟ ಕಿವಿ ಕುತೂಹಲವನ್ನು ಹೇಳುತ್ತದೆ.

ಕೊನೆಗೆ ಕೈಗಳು. ಹಾಲೆಂಡಿನ ಜಾನುವಾರು ಸಂತೆಗಳಲ್ಲಿ 'ಹಾಂಟ್ಯೆಕ್ಲಾಪ್' ಎಂಬ ಕೈಬಡಿತದ ಚೌಕಾಸಿ ಇದೆ. ಮಾರುವವನು ದರ ಕೂಗಿ ಕೊಳ್ಳುವವನ ಅಂಗೈಗೆ ತನ್ನ ಅಂಗೈಯನ್ನು ಬಡಿಯುತ್ತಾನೆ, ಅವನು ತನ್ನ ದರ ಹೇಳಿ ತಿರುಗಿ ಬಡಿಯುತ್ತಾನೆ. ಒಪ್ಪಿಗೆಯಾದಾಗ ಕೈಗಳು ಬಡಿದು ಬಿಡುವ ಬದಲು ಹಿಡಿದು ನಿಲ್ಲುತ್ತವೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಮೂರನೆಯವನಿಗೆ ತಿಳಿಯದಂತೆ ದರ ಹೇಳುವ ನಮ್ಮ ದಲ್ಲಾಳಿಗಳ ಪದ್ಧತಿಗೆ ಇದು ನೇರ ವಿರುದ್ಧ: ಅಲ್ಲಿ ದರ ಎಲ್ಲರಿಗೂ ಕೇಳಿಸಬೇಕು. ಚಿತ್ರದಲ್ಲಿ ಇಬ್ಬರು ಎದುರುಬದುರು ನಿಂತು ಕೈ ಚಾಚಿದ್ದು, ಸುತ್ತ ಮೂರು ನಾಲ್ಕು ಜನ ಬಗ್ಗಿ ನೋಡುತ್ತಿದ್ದರೆ, ಅಲ್ಲಿ ಬೆಲೆ ತೀರ್ಮಾನವಾಗುತ್ತಿದೆಯೇ ಎಂದು ಕೇಳಿಕೊಳ್ಳಿ. ಮೂರನೆಯವನೊಬ್ಬ ಇಬ್ಬರ ನಡುವೆ ನಿಂತು ಇಬ್ಬರ ಭುಜಕ್ಕೂ ಕೈ ಹಾಕಿದ್ದರೆ ಅವನು ಬಹುಶಃ ದಲ್ಲಾಳಿ.

ಎಲ್ಲ ಪಶುಗಳೂ ಬದುಕಿದ್ದ ಪಶುಗಳೆಂದು ಮಾತ್ರ ನಂಬಬೇಡಿ. ಹೇಗ್ ನಗರದ ಮೌರಿತ್ಸ್‌ಹೌಸ್ ಸಂಗ್ರಹಾಲಯದಲ್ಲಿ ಪೌಲುಸ್ ಪಾಟರ್ 1647ರಲ್ಲಿ, ಇಪ್ಪತ್ತೆರಡರ ಆಸುಪಾಸಿನ ವಯಸ್ಸಿನಲ್ಲಿ ಬರೆದ ಆಳೆತ್ತರದ ಹೋರಿಯ ಚಿತ್ರವಿದೆ. ನೊಣಗಳು ಕೂಡ ಕಾಣುವಷ್ಟು ನಿಖರವಾದ ಆ ಹೋರಿಯನ್ನು ಬೇರೆಬೇರೆ ವಯಸ್ಸಿನ ಪಶುಗಳ ಅಂಗಗಳನ್ನು ಕೂಡಿಸಿ ಕಟ್ಟಲಾಗಿದೆಯೆಂದು ಪಶುಗಳನ್ನು ಬಲ್ಲವರು ತೋರಿಸಿದ್ದಾರೆ. ಚಿತ್ರಕಾರರು ಹೊರಗೆ ರೇಖಾಚಿತ್ರಗಳನ್ನು ಬರೆದುಕೊಂಡು, ಮನೆಯ ಕೋಣೆಯಲ್ಲಿ ಕೂತು ಅವನ್ನು ಕೂಡಿಸುತ್ತಿದ್ದರು. ಒಂದೇ ಭಂಗಿಯ ಕುದುರೆ ಎರಡು ಮೂರು ಚಿತ್ರಗಳಲ್ಲಿ ಕಂಡರೆ ಇದೇ ಕಾರಣ.

ನಾಲ್ಕನೆಯ ಹೆಜ್ಜೆ: ಕೊಳ್ಳದವರು, ಮಾರದವರು

ವ್ಯಾಪಾರ ಸಿಕ್ಕ ಮೇಲೆ ಅಂಚುಗಳಿಗೆ ಹೋಗಿ. ಕಂಬದ ತುದಿಗೆ ಹೂಜಿಯನ್ನೋ ಎಲೆಯ ಹಾರವನ್ನೋ ಕಟ್ಟಿದ ಡೇರೆ ಕಂಡರೆ ಅಲ್ಲಿ ಬಿಯರ್ ಮಾರುತ್ತಾರೆ. ಅದರ ಮುಂದೆ ಕುಡಿದು ಮಲಗಿದವನು, ಭಿಕ್ಷೆಗೆ ಟೋಪಿ ಚಾಚಿದವನು, ಮಗುವಿಗೆ ಹಾಲೂಡಿಸುವ ತಾಯಿ, ಜಗಳವಾಡುವ ನಾಯಿಗಳು, ಗುಂಪಿಗೆ ಬೆನ್ನು ತಿರುಗಿಸಿ ಮೂತ್ರ ಮಾಡುವವನು: ಇವರೆಲ್ಲ ಈ ಬಗೆಯ ಚಿತ್ರಗಳಲ್ಲಿ ಮತ್ತೆಮತ್ತೆ ಬರುವವರು. ಕುಡುಕನನ್ನು ಕಂಡ ಕೂಡಲೇ 'ಇದು ಕುಡಿತದ ವಿರುದ್ಧ ನೀತಿಪಾಠ' ಎನ್ನುವವರಿದ್ದಾರೆ; ಚಿತ್ರಕಾರ ಕಂಡದ್ದನ್ನು ಬರೆದನೇ ಹೊರತು ಬೇರೇನಿಲ್ಲ ಎನ್ನುವವರೂ ಇದ್ದಾರೆ. ಡಚ್ ಕಲೆಯ ವಿದ್ವಾಂಸರು 1970ರ ದಶಕದಿಂದ ಇದರ ಬಗ್ಗೆ ವಾದ ಮಾಡುತ್ತಲೇ ಬಂದಿದ್ದಾರೆ. ಕುದುರೆ ಸಂತೆಯ ಚಿತ್ರಗಳ ಮಟ್ಟಿಗೆ ನಾನು ಎರಡನೆಯವರ ಕಡೆಗೆ ವಾಲುತ್ತೇನೆ. ಕುಡುಕ ಅಲ್ಲಿ ಇರುವುದು ಸಂತೆಯಲ್ಲಿ ಕುಡುಕ ಇರುತ್ತಾನೆಂಬ ಕಾರಣಕ್ಕೆ. ಹಾಗೆಂದು ಅವನನ್ನು ಸುಮ್ಮನೆ ಇಟ್ಟಿಲ್ಲ. ಬಿಳಿ ಕುದುರೆಯಿಂದ ಜಾರಿದ ಕಣ್ಣನ್ನು ಮತ್ತೆ ಮೇಲಕ್ಕೆ ತಿರುಗಿಸಲು ಅವನ ಚಾಚಿದ ಕಾಲು ನೆರವಾಗುತ್ತದೆಯೇ ಎಂದು ನೋಡಿ.

ಐದನೆಯ ಹೆಜ್ಜೆ: ಜಾಗ ಮತ್ತು ಕಾಲ

ಹಿನ್ನೆಲೆಯಲ್ಲಿ ಬೆಟ್ಟವಿದ್ದರೆ ಅನುಮಾನಿಸಿ. ಹಾರ್ಲೆಮ್‌ನ ಸುತ್ತ ಮರಳು ದಿಬ್ಬಗಳಿವೆ, ಬೆಟ್ಟಗಳಿಲ್ಲ. ವೌವರ್ಮನ್‌ನ ಎಷ್ಟೋ ಸಂತೆಗಳ ಹಿಂದೆ ನೀಲಿ ಬೆಟ್ಟಗಳು ಏಳುತ್ತವೆ. ಅವು ಇಟಲಿಯ ನೆನಪಿನವು, ಅದೂ ಬೇರೆಯವರ ನೆನಪು. ಅದೇ ಊರಿನ ಪೀಟರ್ ವಾನ್ ಲಾರ್ ರೋಮಿನಲ್ಲಿ ಹಲವು ವರ್ಷವಿದ್ದು ಬೀದಿಯ ಜನರನ್ನೂ ಪಶುಗಳನ್ನೂ ಬರೆದು ಹಿಂದಿರುಗಿದ್ದ, ಅವನ ಪ್ರಭಾವ ವೌವರ್ಮನ್‌ನ ಆರಂಭದ ಚಿತ್ರಗಳಲ್ಲಿ ಸ್ಪಷ್ಟವಾಗಿದೆ. ಆದ್ದರಿಂದ ವಾನ್ ಡೆ ವೆನ್ನೆಯ ಚಿತ್ರವನ್ನು ಒಂದು ಊರಿನ ಸಂತೆಯಾಗಿ ಓದಬಹುದು, ವೌವರ್ಮನ್‌ನದನ್ನು ಸಂತೆ ಎಂಬುದರ ಕಲ್ಪನೆಯಾಗಿ ಓದಬೇಕು.

ಕಾಲವನ್ನು ಬಟ್ಟೆ ಹೇಳುತ್ತದೆ. ಕುತ್ತಿಗೆಯ ಸುತ್ತ ಬೀಸುಗಲ್ಲಿನಂತೆ ನಿರಿಗೆಯ ದಪ್ಪ ಕಾಲರ್ ಇದ್ದರೆ ಶತಮಾನದ ಆರಂಭ. ಭುಜದ ಮೇಲೆ ಚಪ್ಪಟೆಯಾಗಿ ಬಿದ್ದ ಲೇಸಿನ ಕಾಲರ್ 1630 ಮತ್ತು 1640ರ ದಶಕದ್ದು. ಲಂಗದಂತೆ ಅಗಲವಾದ, ಪಟ್ಟಿಗಳಿಂದ ಅಲಂಕರಿಸಿದ ಚಲ್ಲಣ 1660ರ ದಶಕದ ಶ್ರೀಮಂತರದು. ರೈತರ ಬಟ್ಟೆಯಿಂದ ಕಾಲವನ್ನು ಹೇಳಲಾಗದು, ಅದು ಬೇಗ ಬದಲಾಗುತ್ತಿರಲಿಲ್ಲ. 1618 ಎಂಬ ವರ್ಷಕ್ಕೂ ಒಂದು ಅರ್ಥವಿದೆ: 1609ರಿಂದ 1621ರವರೆಗೆ ಸ್ಪೇನಿನೊಂದಿಗೆ ಕದನವಿರಾಮ ಇತ್ತು. ಯುದ್ಧ ಮತ್ತೆ ಶುರುವಾಗುವುದಕ್ಕೆ ಮೂರು ವರ್ಷ ಮೊದಲಿನ ಸಂತೆ ಅದು.

ಆರನೆಯ ಹೆಜ್ಜೆ: ಬಣ್ಣ ನಮಗೆ ಹೇಳುವುದನ್ನೆಲ್ಲ ನಂಬದಿರುವುದು

ನಾಲ್ಕು ಶತಮಾನದ ಹಿಂದಿನ ಬಣ್ಣ ಹಾಗೆಯೇ ಉಳಿದಿಲ್ಲ. ಆಕಾಶಕ್ಕೆ ಆಗ ಧಾರಾಳವಾಗಿ ಬಳಸುತ್ತಿದ್ದ ಅಗ್ಗದ ನೀಲಿ, ಕೋಬಾಲ್ಟ್ ಸೇರಿಸಿದ ಗಾಜಿನ ಪುಡಿ. ಎಣ್ಣೆಯಲ್ಲಿ ಅದು ಕಾಲಕ್ರಮದಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಮಂಕಾದ ಆಕಾಶವನ್ನು ಕಂಡು 'ಮಳೆಯ ದಿನ' ಎಂದು ನಿರ್ಧರಿಸುವ ಮೊದಲು ನೆಲದ ಮೇಲಿನ ನೆರಳುಗಳನ್ನು ನೋಡಿ: ನೆರಳು ಗಾಢವಾಗಿದ್ದರೆ ಅಂದು ಬಿಸಿಲಿತ್ತು. ಎಲೆಗಳು ಅಸಹಜವಾಗಿ ನೀಲಿಯಾಗಿ ಕಂಡರೆ ಹಸಿರಿಗಾಗಿ ಬೆರೆಸಿದ ಹಳದಿ ಮಾಸಿಹೋಗಿದೆ. ಇಡೀ ಚಿತ್ರ ಜೇನಿನ ಬಣ್ಣಕ್ಕಿದ್ದರೆ ಮೇಲಿನ ವಾರ್ನಿಷ್ ಹಳದಿಯಾಗಿದೆ. ಸೀಸದ ಬಿಳಿ ಸೇರಿದ ಬಣ್ಣ ವರ್ಷ ಕಳೆದಂತೆ ಪಾರದರ್ಶಕವಾಗುವುದರಿಂದ, ಚಿತ್ರಕಾರ ಮೊದಲು ಬರೆದು ಆಮೇಲೆ ಮುಚ್ಚಿದ ಕುದುರೆಯ ಕಾಲೋ ಟೋಪಿಯ ಅಂಚೋ ನೆರಳಿನಂತೆ ಮೇಲೆ ಕಾಣತೊಡಗುತ್ತದೆ. ಐದು ಕಾಲಿನ ಕುದುರೆ ಕಂಡರೆ ಅದು ದೋಷವಲ್ಲ, ಚಿತ್ರಕಾರ ಮನಸ್ಸು ಬದಲಿಸಿದ ಗುರುತು.

ಚಿತ್ರದ ಹಿಂಬದಿಯನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಓಕ್ ಹಲಗೆಯಾದರೆ ಅದರ ಅಂಚಿನಲ್ಲಿ ಕಾಣುವ ಮರದ ಬೆಳವಣಿಗೆಯ ಉಂಗುರಗಳನ್ನು ಅಳೆದು, ಆ ಹಲಗೆ ಯಾವ ವರ್ಷಕ್ಕಿಂತ ಮೊದಲಿನದಾಗಿರಲು ಸಾಧ್ಯವಿಲ್ಲವೆಂದು ತಜ್ಞರು ಹೇಳಬಲ್ಲರು. ಅಂದಿನ ಹಲಗೆಗಳಲ್ಲಿ ಬಹಳಷ್ಟು ಬಾಲ್ಟಿಕ್ ಸಮುದ್ರದ ಕಡೆಯಿಂದ ಬಂದವು.

ಏಳನೆಯ ಹೆಜ್ಜೆ: ಬರೆದವನು ಯಾರು, ಇದು ನಕಲೇ?

ವೌವರ್ಮನ್‌ನ ತಮ್ಮಂದಿರಾದ ಪೀಟರ್ ಮತ್ತು ಯಾನ್ ಕೂಡ ಚಿತ್ರಕಾರರು. ಅದರಲ್ಲೂ ಪೀಟರ್ ಅಣ್ಣನ ದಾರಿಯಲ್ಲೇ ಕುದುರೆಗಳನ್ನು ಬರೆದ. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಶ್ರೀಮಂತರೂ ಯುರೋಪಿನ ಅರಸರೂ ವೌವರ್ಮನ್‌ನನ್ನು ಬಯಸಿ ಬಯಸಿ ಕೊಂಡರು. ಡ್ರೆಸ್ಡೆನ್ನಿನ ಸಂಗ್ರಹದಲ್ಲಿಯೇ ಅವನ ಹತ್ತಾರು ಚಿತ್ರಗಳಿವೆ. ಬೇಡಿಕೆ ಇದ್ದಲ್ಲಿ ನಕಲು ಹುಟ್ಟುತ್ತದೆ. ಹರಾಜಿನಲ್ಲೋ ಹಳೆಯ ಮನೆಯಲ್ಲೋ ಕಂಡ 'ವೌವರ್ಮನ್' ಎಂಬ ಹೆಸರುಪಟ್ಟಿಯನ್ನು ನಂಬುವ ಮೊದಲು, ಹೇಗ್ ನಗರದಲ್ಲಿರುವ ಡಚ್ ಕಲಾ ಇತಿಹಾಸ ಸಂಸ್ಥೆಯ ಜಾಲತಾಣದ ಚಿತ್ರಕೋಶದಲ್ಲಿ ಅದೇ ಜೋಡಣೆಯ ಚಿತ್ರಗಳನ್ನು ಹುಡುಕಿ ಹೋಲಿಸಿ.

ಪ್ಯಾರಿಸ್ಸಿನ ಜಾನ್ ಮೊಯ್ರೋ ಎಂಬ ಕೆತ್ತನೆಗಾರ ವೌವರ್ಮನ್‌ನ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಮುದ್ರಿಸಿ ಹರಡಿದ. ತಗಡಿನ ಮೇಲೆ ಚಿತ್ರವನ್ನು ಹಾಗೆಯೇ ಕೊರೆದರೆ ಕಾಗದದ ಮೇಲೆ ಎಡಬಲ ಅದಲುಬದಲಾಗುತ್ತದೆ. ಅಂಥ ಮುದ್ರಣವನ್ನು ಮುಂದಿಟ್ಟುಕೊಂಡು ಬಣ್ಣದಲ್ಲಿ ನಕಲು ಮಾಡಿದವನು ಆ ಅದಲುಬದಲನ್ನೂ ನಕಲು ಮಾಡುತ್ತಾನೆ. ಇದನ್ನು ಹಿಡಿಯಲು ಕುದುರೆ ಹತ್ತುತ್ತಿರುವ ಸವಾರನನ್ನು ಹುಡುಕಿ. ಕತ್ತಿ ಎಡ ಸೊಂಟದಲ್ಲಿ ತೂಗುವುದರಿಂದ ಕುದುರೆಯನ್ನು ಎಡಬದಿಯಿಂದ ಹತ್ತುವುದು ರೂಢಿ. ನಿಮ್ಮ ಮುಂದಿರುವ ಚಿತ್ರದಲ್ಲಿ ಸವಾರರು ಬಲಗಡೆಯಿಂದ ಹತ್ತುತ್ತಿದ್ದು, ಒಬ್ಬೊಬ್ಬರ ಕತ್ತಿಯೂ ಬಲ ಸೊಂಟದಲ್ಲಿದ್ದರೆ, ಆ ಚಿತ್ರವನ್ನು ಬರೆದವನು ನೋಡಿದ್ದು ಕುದುರೆಗಳನ್ನಲ್ಲ, ಒಂದು ಹಾಳೆಯನ್ನು.